ಶಿವಪುರದಿಂದ ಸಂಜಯ ವೃತ್ತದವರೆಗೆ: ಮಂಡ್ಯದ ಬೀದಿ ಹೋರಾಟವೂ ನಿಷೇಧಾಜ್ಞೆಯೂ

ಮಂಡ್ಯ: ಈ ಜಿಲ್ಲೆಯಿಂದ ಬರುವ ಪ್ರತಿಭಟನೆಯ ವರದಿಗಳ ಕೊನೆಯಲ್ಲಿ ಒಂದು ವಾಕ್ಯ ಸಾಮಾನ್ಯವಾಗಿ ತಪ್ಪುವುದಿಲ್ಲ: ‘ಪೊಲೀಸರು ಪ್ರತಿಭಟನಾಕಾರರನ್ನು ಬಂಧಿಸಿ, ನಂತರ ಬಿಡುಗಡೆ ಮಾಡಿದರು.’ ಈ ವಾಕ್ಯವನ್ನು ಈ ವರದಿಗಾರನೂ ಎಷ್ಟು ಸಲ ಬರೆದಿದ್ದಾನೋ ಲೆಕ್ಕವಿಲ್ಲ. ಓದುಗರು ಅದನ್ನು ದಾಟಿ ಮುಂದಿನ ಸುದ್ದಿಗೆ ಹೋಗುತ್ತಾರೆ. ಆದರೆ ಆ ಒಂದು ಸಾಲಿನ ಹಿಂದೆ ಎಂಟು ದಶಕಗಳಿಗೂ ಮೀರಿದ ಚರಿತ್ರೆಯಿದೆ. ಆಜ್ಞೆ ಹೊರಡಿಸುವುದು, ಅದನ್ನು ಎಲ್ಲರ ಎದುರಿಗೇ ಮುರಿಯುವುದು, ಮುರಿದವರು ತಾವಾಗಿಯೇ ಪೊಲೀಸ್ ವಾಹನ ಹತ್ತುವುದು ಎಂಬ ಕ್ರಮವನ್ನು ಈ ಭಾಗದ ಜನ ಕಲಿತದ್ದು ಕಾವೇರಿ ಗಲಾಟೆಯಲ್ಲಲ್ಲ. ಅದರ ಮೂಲ ಮದ್ದೂರಿನ ಬಳಿಯ ಶಿವಪುರದಲ್ಲಿದೆ.

ನಾಲೆಯ ನೀರು, ಮೊದಲ ಮುನಿಸು

ಶಿವಪುರಕ್ಕೂ ಮೊದಲೇ ಇಲ್ಲಿನ ರೈತರು ಸರ್ಕಾರದೊಡನೆ ಜಗಳವಾಡಿದ್ದರು. ಕನ್ನಂಬಾಡಿ ಕಟ್ಟೆಯ ನೀರನ್ನು ಮಂಡ್ಯದ ಬಯಲಿಗೆ ತಂದ ಇರ್ವಿನ್ ನಾಲೆ (ಇಂದಿನ ವಿಶ್ವೇಶ್ವರಯ್ಯ ನಾಲೆ) ಹರಿಯತೊಡಗಿದಾಗ, ನೀರಿನ ಜೊತೆಗೆ ವಂತಿಗೆ ಹಣದ ಬೇಡಿಕೆಯೂ, ಯಾವ ವರ್ಷ ಯಾವ ಬೆಳೆ ಇಡಬೇಕೆಂಬ ಕಟ್ಟಳೆಯೂ ಬಂದವು. 1930ರ ದಶಕದ ಆರಂಭದಲ್ಲಿ ಇದರ ವಿರುದ್ಧ ನಡೆದ ರೈತರ ಚಳವಳಿಗೆ ಎಚ್.ಕೆ. ವೀರಣ್ಣಗೌಡರು ಮುಂದಾಳಾಗಿದ್ದರು. ಮುಂದೆ ಶಿವಪುರದಲ್ಲಿ ಸಾವಿರಾರು ಮಂದಿ ಹಳ್ಳಿಗರು ಸೇರಲು ಈ ಚಳವಳಿ ಹದ ಮಾಡಿಕೊಟ್ಟಿತೆಂದು ಹೇಳಬಹುದು. ಪತ್ರಿಕೆ ಓದುವ ಪಟ್ಟಣಿಗರ ಸಂಘಟನೆಯೆಂದು ಹೆಸರಾಗಿದ್ದ ಕಾಂಗ್ರೆಸ್ಸಿಗೆ ಗದ್ದೆಯ ಜನ ಸಿಕ್ಕಿದ್ದು ಇಲ್ಲಿ.

ಶಿವಪುರ, ಏಪ್ರಿಲ್ 1938

ಆಗ ಮಂಡ್ಯ ಜಿಲ್ಲೆಯೆಂಬುದೇ ಇರಲಿಲ್ಲ. ಮದ್ದೂರು, ಮಳವಳ್ಳಿಗಳೆಲ್ಲ ಮೈಸೂರು ಜಿಲ್ಲೆಗೆ ಸೇರಿದ್ದವು. ಹೊಸ ಜಿಲ್ಲೆ ರಚನೆಯಾದದ್ದು 1939ರ ಜುಲೈ 1ರಂದು. ಸಂಸ್ಥಾನದ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. 1937ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ಮುಂಬಯಿಯ ಕಾಂಗ್ರೆಸ್ ನಾಯಕ ಕೆ.ಎಫ್. ನಾರಿಮನ್ ಅವರನ್ನು ಬಂಧಿಸಿದಾಗ ಜನ ಬೀದಿಗಿಳಿದು, ಪೊಲೀಸರು ಗುಂಡು ಹಾರಿಸಿದ್ದರು. 1938ರ ಫೆಬ್ರವರಿಯಲ್ಲಿ ಹರಿಪುರದಲ್ಲಿ ಸೇರಿದ ಅಖಿಲ ಭಾರತ ಕಾಂಗ್ರೆಸ್ ಅಧಿವೇಶನವು, ದೇಶೀಯ ಸಂಸ್ಥಾನಗಳ ಹೋರಾಟವನ್ನು ಅಲ್ಲಿನ ಪ್ರಜೆಗಳು ತಮ್ಮದೇ ಸಂಘಟನೆಯ ಬಲದಿಂದ ನಡೆಸಬೇಕೆಂದು ನಿಲುವು ತಳೆಯಿತು. ಹೊರಗಿನ ಆಸರೆ ಇಲ್ಲವೆಂದು ತಿಳಿದ ಮೇಲೆಯೇ ಮೈಸೂರು ಕಾಂಗ್ರೆಸ್ ತನ್ನ ಮೊದಲ ಅಧಿವೇಶನವನ್ನು ಶಿಂಷಾ ನದಿಯ ದಡದ ಶಿವಪುರದಲ್ಲಿ ಕರೆಯಿತು. ಅಧ್ಯಕ್ಷರು ದೊಡ್ಡಬಳ್ಳಾಪುರದ ಟಿ. ಸಿದ್ದಲಿಂಗಯ್ಯ.

ಸಮಸ್ಯೆ ಬಂದದ್ದು ಬಾವುಟದಿಂದ. ಗಂಡಭೇರುಂಡದ ಸಂಸ್ಥಾನ ಧ್ವಜವಿರುವ ನಾಡಿನಲ್ಲಿ ಕಾಂಗ್ರೆಸ್ಸಿನ ತ್ರಿವರ್ಣ ಧ್ವಜವೊಂದನ್ನೇ ಏರಿಸುವುದು ಮಹಾರಾಜರಿಗೆ ತೋರುವ ಅಗೌರವವೆಂದು ಸರ್ಕಾರ ಭಾವಿಸಿತು. ಸಮ್ಮೇಳನ ನಡೆಸಲು ಅಡ್ಡಿಯಿಲ್ಲ, ಧ್ವಜ ಏರಿಸುವಂತಿಲ್ಲ ಎಂಬರ್ಥದ ನಿಷೇಧಾಜ್ಞೆ ಹೊರಬಿತ್ತು. ಸರ್ಕಾರ ಇದಕ್ಕಿಂತ ದೊಡ್ಡ ತಪ್ಪು ಮಾಡಲು ಸಾಧ್ಯವಿರಲಿಲ್ಲವೆಂದು ಈಗ ಅನ್ನಿಸುತ್ತದೆ. ಜವಾಬ್ದಾರಿ ಸರ್ಕಾರವೆಂಬ ಬೇಡಿಕೆ ಗದ್ದೆಯಲ್ಲಿ ದುಡಿಯುವವನಿಗೆ ಸುಲಭವಾಗಿ ಅರ್ಥವಾಗುವ ಮಾತಲ್ಲ. ‘ಬಾವುಟ ಏರಿಸಬೇಡ’ ಎಂಬುದು ಎಲ್ಲರಿಗೂ ಅರ್ಥವಾಗುತ್ತದೆ.

ಏಪ್ರಿಲ್ 11ರಂದು ಸಿದ್ದಲಿಂಗಯ್ಯನವರು ಅಪಾರ ಜನಸ್ತೋಮದ ನಡುವೆ ಆಜ್ಞೆಯನ್ನು ಮುರಿದು ಬಂಧನಕ್ಕೊಳಗಾದರು. ಅನಂತರ ಒಬ್ಬರಾದ ಮೇಲೊಬ್ಬರು, ಒಂದು ತಂಡವಾದ ಮೇಲೊಂದು ತಂಡ ಮುಂದೆ ಬಂದು ಕೈಸೆರೆಯಾದರು. ವೀರಣ್ಣಗೌಡ, ಎಂ.ಎನ್. ಜೋಯಿಸ್ ಮೊದಲಾದ ಮುಂದಾಳುಗಳ ಜೊತೆಗೆ ಯಶೋಧರಾ ದಾಸಪ್ಪ ಅವರಂತಹ ಮಹಿಳೆಯರೂ ಈ ಸತ್ಯಾಗ್ರಹದಲ್ಲಿದ್ದರು. ಗುಂಪು ಪೊಲೀಸರ ಮೇಲೆ ಬೀಳಲಿಲ್ಲ, ಪೊಲೀಸರೂ ಗುಂಡು ಹಾರಿಸಲಿಲ್ಲ. ಇಡೀ ಘಟನೆಯಲ್ಲಿ ಗಮನಿಸಬೇಕಾದ ಅಂಶ ಇದೇ. ಅಷ್ಟೊಂದು ಜನ ಸೇರಿದ್ದ ಕಡೆ ಒಂದು ಕಲ್ಲು ಹಾರಿದ್ದರೂ ಚರಿತ್ರೆ ಬೇರೆಯಾಗುತ್ತಿತ್ತು.

ಬೇರೆಯಾದದ್ದು ಎರಡೇ ವಾರಗಳಲ್ಲಿ, ಬೇರೊಂದು ಊರಿನಲ್ಲಿ. ಶಿವಪುರದ ಮಾದರಿಯಲ್ಲಿ ಸಂಸ್ಥಾನದ ಅನೇಕ ಕಡೆ ಧ್ವಜಾರೋಹಣಗಳು ನಡೆದವು. ಏಪ್ರಿಲ್ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ನಿಷೇಧಾಜ್ಞೆ ಮೀರಿ ಸೇರಿದ್ದ ಸಭೆಯ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸರ್ಕಾರ ಸತ್ತವರು ಹತ್ತು ಮಂದಿ ಎಂದಿತು. ಹೋರಾಟಗಾರರ ಲೆಕ್ಕ ಮೂವತ್ತನ್ನು ಮೀರಿತ್ತು. ವಿಚಾರಣೆಗೆ ನ್ಯಾಯಮೂರ್ತಿ ವೇಪಾ ರಾಮೇಶಂ ಅವರ ಸಮಿತಿ ನೇಮಕವಾಯಿತು. ಮೇ ತಿಂಗಳಲ್ಲಿ ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಬೆಂಗಳೂರಿಗೆ ಬಂದು ದಿವಾನರೊಡನೆ ಮಾತುಕತೆ ನಡೆಸಿದರು. ಮಿರ್ಜಾ-ಪಟೇಲ್ ಒಪ್ಪಂದವೆಂದು ಹೆಸರಾದ ಆ ರಾಜಿಯಲ್ಲಿ ಸರ್ಕಾರ ಮೈಸೂರು ಕಾಂಗ್ರೆಸ್ಸನ್ನು ಮಾನ್ಯ ಮಾಡಿತು, ರಾಜಕೀಯ ಬಂದಿಗಳನ್ನು ಬಿಟ್ಟಿತು, ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜವೂ ಹಾರಬಹುದೆಂದು ಒಪ್ಪಿತು. ಶಿವಪುರದಲ್ಲಿ ಬೇಡವೆಂದದ್ದು ವಿದುರಾಶ್ವತ್ಥದ ಹೆಣಗಳ ನಂತರ ಆಗಬಹುದೆನಿಸಿತು. ಇಂದು ಶಿವಪುರದಲ್ಲಿ ಸತ್ಯಾಗ್ರಹ ಸೌಧವಿದೆ.

ಯುದ್ಧ ಬೇಡವೆಂದ ಮಾತು

1939ರಲ್ಲಿ ಮಹಾಯುದ್ಧ ಆರಂಭವಾದಾಗ ಬೀದಿ ಹೋರಾಟದ ವಿಷಯವೇ ಬದಲಾಯಿತು. ಭಾರತೀಯರನ್ನು ಕೇಳದೆ ಭಾರತವನ್ನು ಯುದ್ಧಕ್ಕೆ ಎಳೆದದ್ದನ್ನು ಪ್ರತಿಭಟಿಸಿ 1940ರ ಅಕ್ಟೋಬರ್ 17ರಂದು ವಿನೋಬಾ ಭಾವೆ ವೈಯಕ್ತಿಕ ಸತ್ಯಾಗ್ರಹ ಆರಂಭಿಸಿದರು. ಅದು ಬ್ರಿಟಿಷ್ ಇಂಡಿಯಾದ ಕಾರ್ಯಕ್ರಮವಾದರೂ ಅದರ ಕ್ರಮವನ್ನು ಇಲ್ಲಿ ನೆನೆಯಬೇಕು. ಯುದ್ಧಕ್ಕೆ ಹಣವನ್ನಾಗಲಿ ಜನರನ್ನಾಗಲಿ ಕೊಡುವುದು ತಪ್ಪೆಂದು ಸಾರುವವನು, ತಾನು ಎಲ್ಲಿ, ಎಷ್ಟು ಹೊತ್ತಿಗೆ ಮಾತನಾಡುತ್ತೇನೆಂದು ಅಧಿಕಾರಿಗಳಿಗೆ ಮುಂಚಿತವಾಗಿಯೇ ತಿಳಿಸುತ್ತಿದ್ದ. ಮಂಡ್ಯದಲ್ಲಿ ಇಂದಿಗೂ ರಸ್ತೆ ತಡೆಗೆ ಮೊದಲು ಸಂಘಟನೆಯವರು ಠಾಣೆಗೆ ಪತ್ರ ಕೊಡುವುದು ಇದೇ ಪರಂಪರೆಯ ಮುಂದುವರಿಕೆ. 1942ರ ‘ಕ್ವಿಟ್ ಇಂಡಿಯಾ’ ಚಳವಳಿಯ ವೇಳೆಗೆ ಯುದ್ಧದ ವಿರೋಧವೂ ಸ್ವಾತಂತ್ರ್ಯದ ಕೂಗೂ ಒಂದಾಗಿ, ಮೈಸೂರು ಸಂಸ್ಥಾನದಲ್ಲಿಯೂ ನಾಯಕರು ಜೈಲು ಸೇರಿದರು.

ಕಾವೇರಿಯ ಕಾಲ

ಸ್ವಾತಂತ್ರ್ಯಾನಂತರ ಈ ಜಿಲ್ಲೆಯನ್ನು ಮತ್ತೆ ಮತ್ತೆ ರಸ್ತೆಗೆ ತಂದದ್ದು ಕಾವೇರಿ. 1991ರ ಜೂನ್ 25ರಂದು ನ್ಯಾಯಮಂಡಳಿ ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ನೀರು ಬಿಡಬೇಕೆಂದು ಮಧ್ಯಂತರ ತೀರ್ಪಿತ್ತಿತು. ಡಿಸೆಂಬರಿನಲ್ಲಿ ಅದು ಕೇಂದ್ರದ ರಾಜ್ಯಪತ್ರದಲ್ಲಿ ಪ್ರಕಟವಾದೊಡನೆ ಬೆಂಗಳೂರು ಮತ್ತು ಹಳೆ ಮೈಸೂರು ಭಾಗಗಳಲ್ಲಿ ಹಿಂಸೆ ಭುಗಿಲೆದ್ದಿತು. ನದಿಯ ನ್ಯಾಯ ಕೇಳಲು ಹೊರಟವರ ಹೆಸರಿನಲ್ಲಿ ಏಟು ತಿಂದವರು ಕೂಲಿ ಮಾಡಿ ಬದುಕುತ್ತಿದ್ದ ತಮಿಳು ಕುಟುಂಬಗಳು. ಸಾವಿರಾರು ಜನ ಊರು ಬಿಟ್ಟು ಗಡಿ ದಾಟಿದರು. ಶಿವಪುರದ ಶಿಸ್ತಿನೊಡನೆ ಇದನ್ನು ಇಟ್ಟು ನೋಡಿದರೆ ನಾಚಿಕೆಯಾಗುತ್ತದೆ.

ಮಂಡ್ಯದ ಸಂಘಟಿತ ಹೋರಾಟದ ದಾರಿ ಬೇರೆಯಿತ್ತು. ಕಾವೇರಿ ಹಿತರಕ್ಷಣಾ ಸಮಿತಿಯ ಮುಂದಾಳು, ಮಳವಳ್ಳಿ ತಾಲ್ಲೂಕಿನ ಜಿ. ಮಾದೇಗೌಡರು (ನಿಧನ 2021) ದಶಕಗಳ ಕಾಲ ಧರಣಿ, ಬಂದ್, ರಸ್ತೆ ತಡೆಗಳನ್ನು ನಡೆಸಿದರು. ಸಂಜಯ ವೃತ್ತ, ಜಯಚಾಮರಾಜೇಂದ್ರ ವೃತ್ತ, ಸರ್ ಎಂ. ವಿಶ್ವೇಶ್ವರಯ್ಯನವರ ಪ್ರತಿಮೆಯ ಎದುರಿನ ಜಾಗ, ಮದ್ದೂರಿನ ಟಿ.ಬಿ. ವೃತ್ತ, ಗೆಜ್ಜಲಗೆರೆ, ಮಳವಳ್ಳಿಯ ಅನಂತರಾಂ ವೃತ್ತ: ಪತ್ರಿಕೆ ಓದುವವರಿಗೆ ಇವೆಲ್ಲ ಪರಿಚಿತ ಹೆಸರುಗಳು. ಬೆಂಗಳೂರು-ಮೈಸೂರು ಹೆದ್ದಾರಿ ಊರಿನ ನಡುವೆಯೇ ಹಾದುಹೋಗುತ್ತಿದ್ದ ಕಾರಣ, ಇಲ್ಲಿ ನೂರು ಜನ ಕುಳಿತರೆ ರಾಜಧಾನಿಗೆ ಸುದ್ದಿ ಮುಟ್ಟುತ್ತಿತ್ತು. ಮಳವಳ್ಳಿಯ ಮಾತು ತುಸು ಬೇರೆ. ನಾಲೆಯ ಕೊನೆಯ ಭಾಗದ ರೈತರಿಗೆ ನ್ಯಾಯಾಲಯದ ತೀರ್ಪಿಗಿಂತ ಮೊದಲು ಎದುರಾಗುವುದು ಮೇಲಿನ ಊರುಗಳಲ್ಲೇ ಮುಗಿದುಹೋಗುವ ನೀರು. ಹೀಗಾಗಿ ಅಲ್ಲಿನ ಧರಣಿ ಎಷ್ಟೋ ಸಲ ಚೆನ್ನೈ, ದೆಹಲಿಗಳ ವಿರುದ್ಧವಲ್ಲ, ಹತ್ತಿರದ ನೀರಾವರಿ ಕಚೇರಿಯ ವಿರುದ್ಧ.

2002ರಲ್ಲಿ ವಿಚಿತ್ರವೊಂದು ನಡೆಯಿತು. ಸುಪ್ರೀಂ ಕೋರ್ಟಿನ ಆದೇಶ, ರೈತರ ಆಕ್ರೋಶಗಳ ನಡುವೆ ಸಿಕ್ಕಿದ್ದ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಅಕ್ಟೋಬರಿನಲ್ಲಿ ಬೆಂಗಳೂರಿನಿಂದ ಮಂಡ್ಯದತ್ತ ಪಾದಯಾತ್ರೆ ಹೊರಟರು. ಅವರು ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯವರು. ಪ್ರತಿಭಟನೆ ತಡೆಯುವ ಪೊಲೀಸರೇ ಅಂದು ಸರ್ಕಾರದ ಮುಖ್ಯಸ್ಥರ ನಡಿಗೆಗೆ ಕಾವಲಾದರು.

2016ರ ಸೆಪ್ಟೆಂಬರ್ 5ರಂದು ಹತ್ತು ದಿನಗಳ ಕಾಲ ದಿನಕ್ಕೆ 15,000 ಕ್ಯೂಸೆಕ್ ನೀರು ಬಿಡುವಂತೆ ಸುಪ್ರೀಂ ಕೋರ್ಟ್ ಆದೇಶಿಸಿದ ಮರುದಿನವೇ ಮಂಡ್ಯ ಬಂದ್ ಆಯಿತು. ಹೆದ್ದಾರಿ ಸ್ತಬ್ಧವಾಯಿತು, ಕೆಆರ್‌ಎಸ್ ಸುತ್ತ ನಿಷೇಧಾಜ್ಞೆ ಜಾರಿಯಾಯಿತು. ಸೆಪ್ಟೆಂಬರ್ 12ರಂದು ಬೆಂಗಳೂರಿನಲ್ಲಿ ಹತ್ತಾರು ಬಸ್ಸುಗಳು ಸುಟ್ಟು, ಪೊಲೀಸರ ಗುಂಡಿಗೆ ಜೀವ ಹೋಗಿ, ಹದಿನಾರು ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ ಹೇರಬೇಕಾಯಿತು. ಸುಪ್ರೀಂ ಕೋರ್ಟಿನ 2018ರ ಫೆಬ್ರವರಿ 16ರ ಅಂತಿಮ ತೀರ್ಪು ಕರ್ನಾಟಕದ ಪಾಲಿಗೆ 14.75 ಟಿಎಂಸಿ ಹೆಚ್ಚಿಗೆ ಕೊಟ್ಟಿತಾದರೂ ಮಳೆ ಕೈಕೊಟ್ಟ ವರ್ಷದ ಸಂಕಟ ಹಾಗೆಯೇ ಉಳಿಯಿತು. 2023ರ ಸೆಪ್ಟೆಂಬರ್ 23ರಂದು ಮಂಡ್ಯ, 26ರಂದು ಬೆಂಗಳೂರು, 29ರಂದು ಇಡೀ ಕರ್ನಾಟಕ ಬಂದ್ ಕಂಡಿತು. ಆ ವೇಳೆಗೆ ಹೊಸ ದಶಪಥ ಹೆದ್ದಾರಿ ಮದ್ದೂರು, ಮಂಡ್ಯಗಳನ್ನು ಬಳಸಿ ಹೊರಗಿನಿಂದ ಹೋಗತೊಡಗಿ ಆರು ತಿಂಗಳಾಗಿತ್ತು. ಊರೊಳಗಿನ ವೃತ್ತದಲ್ಲಿ ಎಷ್ಟು ಹೊತ್ತು ಕುಳಿತರೂ ಮೈಸೂರಿಗೆ ಹೋಗುವ ಕಾರು ನಿಲ್ಲುವುದಿಲ್ಲ ಎಂಬ ಸಂಗತಿ ಹೋರಾಟಗಾರರಿಗೆ ಹೊಸ ಚಿಂತೆಯಾಗಿದೆ.

ಕಾನೂನು ಏನನ್ನುತ್ತದೆ

ಜಿಲ್ಲಾಡಳಿತದ ಕೈಯಲ್ಲಿದ್ದ ಹಳೆಯ ಅಸ್ತ್ರ ದಂಡ ಪ್ರಕ್ರಿಯಾ ಸಂಹಿತೆಯ 144ನೇ ಸೆಕ್ಷನ್. 2024ರ ಜುಲೈ 1ರಿಂದ ಅದರ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್ ಬಂದಿದೆ. ಹೆಸರು ಬದಲಾದರೂ ಜನರ ಬಾಯಲ್ಲಿ ಅದು ಇನ್ನೂ ‘ಒನ್ ಫಾರ್ಟಿಫೋರ್’. ಈ ಅಧಿಕಾರವನ್ನು ನ್ಯಾಯಸಮ್ಮತ ಅಭಿಪ್ರಾಯವನ್ನು ಹತ್ತಿಕ್ಕಲು ಬಳಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಹೇಳಿತು. ಬೆಂಗಳೂರಿನಲ್ಲಿ 2019ರ ಡಿಸೆಂಬರಿನಲ್ಲಿ ಹೊರಡಿಸಿದ್ದ ನಿಷೇಧಾಜ್ಞೆ ಕಾನೂನುಬಾಹಿರವೆಂದು ಕರ್ನಾಟಕ ಹೈಕೋರ್ಟ್ 2020ರ ಫೆಬ್ರವರಿಯಲ್ಲಿ ತೀರ್ಪಿತ್ತಿತು. ಅದೇ ವರ್ಷದ ಅಕ್ಟೋಬರಿನಲ್ಲಿ, ಸಾರ್ವಜನಿಕ ರಸ್ತೆಯನ್ನು ಅನಿರ್ದಿಷ್ಟ ಕಾಲ ಆಕ್ರಮಿಸಿಕೊಂಡು ಪ್ರತಿಭಟಿಸುವಂತಿಲ್ಲವೆಂದೂ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಒಂದು ತೀರ್ಪನ್ನು ಹೋರಾಟಗಾರರೂ ಇನ್ನೊಂದನ್ನು ಪೊಲೀಸರೂ ಹಿಡಿದುಕೊಂಡಿದ್ದಾರೆ.

ಸಂಜೆ ಬಿಡುಗಡೆಯಾದೊಡನೆ ಎಲ್ಲವೂ ಮುಗಿಯಿತೆಂದು ತಿಳಿಯಬಾರದು. ಮುಂಜಾಗ್ರತೆಗಾಗಿ ವಶಕ್ಕೆ ಪಡೆದು ಬಿಟ್ಟರೆ ಅದು ಅಲ್ಲಿಗೇ ನಿಲ್ಲುತ್ತದೆ. ಅಕ್ರಮ ಕೂಟ, ರಸ್ತೆಗೆ ಅಡ್ಡಿ ಎಂಬ ಆರೋಪಗಳಡಿ ಮೊಕದ್ದಮೆ ದಾಖಲಾದರೆ ಬೇರೆಯೇ ಕಥೆ. ಅಕ್ರಮ ಕೂಟದ ಕಲಮಿನ ಸ್ವಭಾವವೇ ಹಾಗೆ: ಯಾರೋ ಎಸೆದ ಕಲ್ಲಿಗೆ, ಕೂಟದ ಉದ್ದೇಶ ಒಂದೇ ಎಂದಾದರೆ, ಸುಮ್ಮನೆ ಕುಳಿತವನೂ ಹೊಣೆಯಾಗುತ್ತಾನೆ. ಸರ್ಕಾರಿ ನೌಕರರ ಮೇಲೆ ಹಲ್ಲೆ ಎಂಬ ಆರೋಪ ಸೇರಿದರೆ ಜಾಮೀನೂ ಸುಲಭವಲ್ಲ. ನಾಯಕರ ಪರವಾಗಿ ವಾದಿಸಲು ವಕೀಲರು ಸಾಲುಗಟ್ಟುತ್ತಾರೆ. ಹಿಂದಿನ ಸಾಲಿನಲ್ಲಿ ಕುಳಿತಿದ್ದ ರೈತ ಗದ್ದೆಯ ಕೆಲಸ ಬಿಟ್ಟು ಬಸ್ಸು ಹಿಡಿದು ನ್ಯಾಯಾಲಯದ ಜಗುಲಿಯಲ್ಲಿ ಕಾಯಬೇಕು. ಪಾಸ್‌ಪೋರ್ಟ್, ನೌಕರಿಗಳಿಗೆ ಪೊಲೀಸ್ ಪರಿಶೀಲನೆ ನಡೆದಾಗ ಅವನ ಮಗನಿಗೂ, ಕೂಟದಲ್ಲಿದ್ದನೆಂದು ಹೆಸರು ಸೇರಿದ್ದರೆ, ತೊಡಕು.

ಇಂತಹ ಮೊಕದ್ದಮೆಗಳನ್ನು ಹಿಂಪಡೆಯುವುದಾಗಿ ಬೇರೆ ಬೇರೆ ಸರ್ಕಾರಗಳು ಘೋಷಿಸಿದ್ದುಂಟು. ಆದರೆ ಸಂಪುಟದ ತೀರ್ಮಾನವೊಂದೇ ಸಾಲದು. ಸರ್ಕಾರಿ ಅಭಿಯೋಜಕರು ತಾವೇ ವಿವೇಚಿಸಿ ಅರ್ಜಿ ಸಲ್ಲಿಸಬೇಕು, ನ್ಯಾಯಾಲಯ ಒಪ್ಪಿಗೆ ಕೊಡಬೇಕು. ಪ್ರತಿಯೊಂದು ಮೊಕದ್ದಮೆಗೂ ಪ್ರತ್ಯೇಕ ಕಡತ, ಪ್ರತ್ಯೇಕ ಅರ್ಜಿ. ಹಿಂಪಡೆಯುವ ಘೋಷಣೆ ಮುಖಪುಟದಲ್ಲಿ ಬಂದ ಮೇಲೂ, ತನ್ನ ಹೆಸರಿನ ಮೇಲೆ ಆ ಆದೇಶ ಆಗಿದೆಯೇ ಎಂದು ಆರೋಪಿ ಸ್ಥಾನದಲ್ಲಿರುವವನು ನ್ಯಾಯಾಲಯದ ಕಚೇರಿಗೆ ಹೋಗಿ ಪ್ರಮಾಣಿತ ಪ್ರತಿ ಪಡೆದು ಖಚಿತಪಡಿಸಿಕೊಳ್ಳಬೇಕಾಗುತ್ತದೆ.