ಮಾಡಿದನೋ, ಮಾಡಿಸಿದನೋ?

ನನ್ನ ಸಂಶೋಧನಾ ಪ್ರಬಂಧದ ಎರಡನೇ ಅಧ್ಯಾಯ ಮಾರ್ಗದರ್ಶಕರ ಕೈಯಿಂದ ವಾಪಸು ಬಂದಾಗ ಒಂದು ಕ್ರಿಯಾಪದದ ಸುತ್ತ ಕೆಂಪು ಗೆರೆಯಿತ್ತು. 'ಗಿಸ್ಲೆಬರ್ಟಸ್ ಕೆತ್ತಿದ' ಎಂದು ಬರೆದಿದ್ದೆ. ಪಕ್ಕದಲ್ಲಿ ಅವರ ಪ್ರಶ್ನೆ: 'ನಿನಗೆ ಹೇಗೆ ಗೊತ್ತು?'

ಫ್ರಾನ್ಸಿನ ಬರ್ಗಂಡಿ ಸೀಮೆಯ ಓತಾಂ ಎಂಬ ಊರಿನಲ್ಲಿ ಸಂತ ಲಾಜರನ ಚರ್ಚಿದೆ. ಅದರ ಪಶ್ಚಿಮದ ಹೆಬ್ಬಾಗಿಲ ಮೇಲೆ, ಕಮಾನಿನ ಕೆಳಗೆ, ಅರ್ಧಚಂದ್ರಾಕಾರದ ದೊಡ್ಡ ಶಿಲ್ಪಫಲಕ. ಇಂಥದ್ದನ್ನು ಟಿಂಪನಂ ಎನ್ನುತ್ತಾರೆ. ನಮ್ಮ ಗುಡಿಗಳ ಬಾಗಿಲವಾಡದ ಲಲಾಟದಲ್ಲಿ ಗಜಲಕ್ಷ್ಮಿಯನ್ನು ನೋಡಿ ಬೆಳೆದ ಕಣ್ಣಿಗೆ ಇದು ಬೆಚ್ಚಿಬೀಳಿಸುವಂಥದ್ದು. 1130ರ ಆಸುಪಾಸಿನಲ್ಲಿ ಇಲ್ಲಿ ಕಡೆದದ್ದು ಅಂತಿಮ ತೀರ್ಪಿನ ದಿನವನ್ನು.

ನಡುವೆ ಕ್ರಿಸ್ತ, ಎಲ್ಲರಿಗಿಂತ ದೊಡ್ಡವನು, ಎರಡೂ ಕೈ ಚಾಚಿ ಕೂತಿದ್ದಾನೆ. ಅವನ ಎಡಗಡೆ ಆತ್ಮಗಳ ತೂಕ ನಡೆದಿದೆ. ದೇವದೂತ ಮೈಕೇಲ ಒಂದು ಕಡೆ, ಎಲುಬಿನ ಹಂದರದಂಥ ಪಿಶಾಚಿ ಇನ್ನೊಂದು ಕಡೆ. ಪಿಶಾಚಿ ತಕ್ಕಡಿಯನ್ನು ತನ್ನತ್ತ ಜಗ್ಗುತ್ತಿದ್ದಾನೆ. ಪುಟ್ಟ ಆತ್ಮವೊಂದು, ಜಾತ್ರೆಯಲ್ಲಿ ಹೆದರಿದ ಮಗು ತಾಯಿಯ ಸೆರಗು ಹಿಡಿಯುವಂತೆ, ಮೈಕೇಲನ ನಿಲುವಂಗಿಯಲ್ಲಿ ಅವಿತುಕೊಂಡಿದೆ. ಕೆಳಗಿನ ಅಡ್ಡಪಟ್ಟಿಯಲ್ಲಿ ಸತ್ತವರು ಗೋರಿಗಳಿಂದ ಏಳುತ್ತಾರೆ. ಎಲ್ಲರೂ ಬೆತ್ತಲೆ, ಆದರೆ ಇಬ್ಬರು ಯಾತ್ರಿಕರ ಹೆಗಲ ಚೀಲ ಮಾತ್ರ ಹಾಗೇ ಇದೆ. ಒಂದರ ಮೇಲೆ ಜೆರುಸಲೇಮಿನ ಶಿಲುಬೆ, ಇನ್ನೊಂದರ ಮೇಲೆ ಸಾಂತಿಯಾಗೊ ಯಾತ್ರೆಯ ಕಪ್ಪೆಚಿಪ್ಪು. ಅದೇ ಪಟ್ಟಿಯ ಬಲಕ್ಕೆ ಹೋದರೆ ಎರಡು ಭಾರೀ ಕೈಗಳು ಮೇಲಿನಿಂದ ಇಳಿದು ಒಬ್ಬ ಪಾಪಿಯ ತಲೆಯನ್ನು ಹಿಡಿದಿವೆ. ಆ ಕೈಗಳ ಫೋಟೋವನ್ನು ನಾನು ಎಷ್ಟು ಸಲ ದೊಡ್ಡದು ಮಾಡಿ ನೋಡಿದ್ದೇನೋ ಲೆಕ್ಕವಿಲ್ಲ.

1766ರಲ್ಲಿ ಅಲ್ಲಿನ ಪಾದ್ರಿಗಳ ಮಂಡಳಿಗೆ ಇದೆಲ್ಲ ಒರಟು, ಹಳೇ ಕಾಲದ್ದು ಎನಿಸಿ ಮೇಲೆ ಗಾರೆ ಮೆತ್ತಿಸಿಬಿಟ್ಟಿತು. ಕ್ರಿಸ್ತನ ತಲೆ ಮುಂದಕ್ಕೆ ಚಾಚಿದ್ದರಿಂದ ಗಾರೆಗೆ ಅಡ್ಡಿಯಾಯಿತು. ಅದನ್ನು ಕಡಿದು ತೆಗೆದರು. ಅದೇ ವರ್ಷ ಉತ್ತರದ ಬಾಗಿಲನ್ನೂ ಕೆಡವಿದರು. ಅದರ ಅಡ್ಡಪಟ್ಟಿಯಲ್ಲಿದ್ದ ಈವ್, ಎಲೆಗಳ ನಡುವೆ ಮೈಚಾಚಿ ಹಿಂಗೈಯಲ್ಲಿ ಹಣ್ಣು ಹಿಡಿದವಳು, ಮನೆಯೊಂದರ ಗೋಡೆಯ ಕಲ್ಲಾಗಿ ಉಳಿದು 1856ರಲ್ಲಿ ಸಿಕ್ಕಿದಳು.

ಆದರೆ ಗಾರೆಯೇ ಟಿಂಪನಮ್ಮನ್ನು ಕಾಯಿತು. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಒಡೆಯಲು ಅಲ್ಲಿ ಕಣ್ಣಿಗೆ ಬೀಳುವಂಥದ್ದು ಏನೂ ಇರಲಿಲ್ಲ. ಅದೇ ಸೀಮೆಯ ಕ್ಲೂನಿಯಲ್ಲಿ ಮಹಾ ಚರ್ಚಿನ ಹೆಬ್ಬಾಗಿಲನ್ನು 1810ರಲ್ಲಿ ಸಿಡಿಮದ್ದಿಟ್ಟು ಉರುಳಿಸಿದರು. ಓತಾಂನ ಗಾರೆಯನ್ನು 1837ರಲ್ಲಿ ಕೆರೆದು ತೆಗೆದಾಗ ತೀರ್ಪಿನ ದಿನ ಹಾಗೇ ಇತ್ತು, ತೀರ್ಪುಗಾರನಿಗೆ ತಲೆ ಇರಲಿಲ್ಲ. ಊರಿನ ರೋಲಾಂ ಮ್ಯೂಸಿಯಮ್ಮಿನಲ್ಲಿದ್ದ ಕಲ್ಲಿನ ತಲೆಯೇ ಅದು ಎಂದು ಗುರುತಿಸಿ, 1948ರಲ್ಲಿ ಮತ್ತೆ ಕೂರಿಸಿದವರು ದೆನಿ ಗ್ರಿವೊ ಎಂಬ ಪಾದ್ರಿ.

ಆ ಕ್ರಿಸ್ತನ ಪಾದದಡಿ ಮೂರು ಲ್ಯಾಟಿನ್ ಪದಗಳಿವೆ: ಗಿಸ್ಲೆಬರ್ಟಸ್ ಹೋಕ್ ಫೇಕಿಟ್. 'ಗಿಸ್ಲೆಬರ್ಟಸ್ ಇದನ್ನು ಮಾಡಿದ.' ಗ್ರಿವೊ ಮತ್ತು ಜಾರ್ಜ್ ಝರ್ನೆಕಿ 1960ರ ತಮ್ಮ ಪುಸ್ತಕದಲ್ಲಿ ಇದನ್ನು ಶಿಲ್ಪಿಯ ರುಜು ಎಂದೇ ಓದಿದರು. ಚರ್ಚಿನ ಶಿಲ್ಪಗಳಲ್ಲಿ ಬಹುಪಾಲು ಈ ಒಬ್ಬ ಮೇಧಾವಿಯ ಕೈಕೆಲಸ ಎಂದರು. 1999ರಲ್ಲಿ ಲಿಂಡಾ ಸೈಡೆಲ್ ಬೇರೆಯೇ ಮಾತು ಹೇಳಿದರು. ಆ ಹೆಸರು ಹತ್ತನೇ ಶತಮಾನದಲ್ಲಿ ಬರ್ಗಂಡಿಯನ್ನು ಆಳಿದ ಒಬ್ಬ ಪ್ರಭುವಿನದು, ಹಳೆಯ ಪೋಷಕನ ನೆನಪಿಗೆ ಕೆತ್ತಿದ್ದು ಎಂಬುದು ಅವರ ವಾದ.

ಲ್ಯಾಟಿನ್ನಿನ 'ಫೇಕಿಟ್' ಎರಡಕ್ಕೂ ಒಗ್ಗುತ್ತದೆ. ಇಂಗ್ಲಿಷಿನಲ್ಲೂ ಹೇಗೋ ನುಣುಚಿಕೊಳ್ಳಬಹುದು. ಕನ್ನಡ ಬಿಡುವುದಿಲ್ಲ. ಅರಸ ಗುಡಿಯನ್ನು ಮಾಡಿಸುತ್ತಾನೆ, ರೂವಾರಿ ಮಾಡುತ್ತಾನೆ. ನಡುವಿನ ಆ 'ಇಸು' ಹಾಕಬೇಕೋ ಬೇಡವೋ ಎಂದು ಬರೆಯುವವರೇ ತೀರ್ಮಾನಿಸಬೇಕು. ನಾನು ಯೋಚಿಸದೆಯೇ ತೀರ್ಮಾನಿಸಿದ್ದೆ. ಹೆಸರಿಲ್ಲದ ಸಾವಿರಾರು ಕಲ್ಲುಕುಟಿಗರ ನಡುವೆ ಒಬ್ಬನ ಹೆಸರಾದರೂ, ಅದೂ ದೇವರ ಕಾಲ ಕೆಳಗೆ, ಉಳಿದಿರಲಿ ಎಂಬ ಆಸೆ ನನ್ನದು.

ಸೈಡೆಲ್ ಅವರ ವಾದ ನನಗೆ ಇನ್ನೂ ಪೂರ್ತಿ ಒಪ್ಪಿಗೆಯಾಗಿಲ್ಲ. ಇನ್ನೂರು ವರ್ಷ ಹಿಂದಿನ ಪ್ರಭುವಿಗೆ ಅಷ್ಟು ನೇರವಾದ ಮೂರು ಪದ ಸಾಕಿತ್ತೇ? ಆದರೆ ಅನುಮಾನ ಬೇರೆ, ಪುರಾವೆ ಬೇರೆ. ಈಗ ನನ್ನ ಅಧ್ಯಾಯದಲ್ಲಿ ಆ ವಾಕ್ಯ ಹೀಗಿದೆ: 'ಗಿಸ್ಲೆಬರ್ಟಸ್ ಎಂಬ ಹೆಸರು ಕ್ರಿಸ್ತನ ಪಾದದ ಕೆಳಗೆ ಇದೆ.' ಓದಲು ಸಪ್ಪೆ. ಮಾರ್ಗದರ್ಶಕರು ಈ ಸಲ ಗೆರೆ ಎಳೆಯಲಿಲ್ಲ.