ರೀಸಸ್ ಕೋತಿಗಳ ರಫ್ತು ಮತ್ತು ಪ್ರಯೋಗನೀತಿ: 1955–1978

ಔಷಧಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದು ಧರ್ಮವೋ ಅಧರ್ಮವೋ ಎಂಬ ಪ್ರಶ್ನೆಯನ್ನು ತತ್ತ್ವಜ್ಞರು ಬಹುಕಾಲದಿಂದ ಚರ್ಚಿಸುತ್ತ ಬಂದಿದ್ದಾರೆ. ಇತಿಹಾಸದ ವಿದ್ಯಾರ್ಥಿಗಳಾದ ನಾವು ಅದನ್ನು ಬೇರೊಂದು ಬಗೆಯಲ್ಲಿ ಕೇಳಬಹುದು: ಇಂಥ ಪ್ರಯೋಗಗಳಿಗೆ ಒಂದು ರಾಷ್ಟ್ರವು ಸಮ್ಮತಿಯಿತ್ತಾಗ ಯಾವ ನಿಬಂಧನೆಗಳನ್ನು ವಿಧಿಸಿತು, ಅವುಗಳ ಪಾಲನೆಯನ್ನು ನೋಡಿಕೊಂಡವರು ಯಾರು? ಭಾರತದಿಂದ ವಿದೇಶಗಳಿಗೆ ಹೋದ ರೀಸಸ್ ಕೋತಿಗಳ ವೃತ್ತಾಂತವು ಈ ದೃಷ್ಟಿಯಿಂದ ವಿಚಾರಾರ್ಹವಾಗಿದೆ.

ಪೋಲಿಯೊ ವೈರಸನ್ನು ನರಮಂಡಲಕ್ಕೆ ಸೇರದ ಅಂಗಾಂಶದಲ್ಲಿ ಬೆಳೆಸಬಹುದೆಂದು ಎಂಡರ್ಸ್, ವೆಲ್ಲರ್ ಮತ್ತು ರಾಬಿನ್ಸ್ ಎಂಬ ವಿಜ್ಞಾನಿಗಳು 1949ರಲ್ಲಿ ತೋರಿಸಿದರು. ಅನಂತರ ಕೋತಿಯ ಮೂತ್ರಪಿಂಡದ ಕೋಶಗಳು ಈ ಕಾರ್ಯಕ್ಕೆ ತಕ್ಕವೆಂದು ಕಂಡುಬಂದವು. ಜೋನಾಸ್ ಸಾಲ್ಕರ ಲಸಿಕೆಯು ಫಲಕಾರಿಯೆಂದು 1955ರ ಏಪ್ರಿಲ್ 12ರಂದು ಅಮೆರಿಕದಲ್ಲಿ ಪ್ರಕಟವಾದಾಗ ಲಕ್ಷಾಂತರ ತಾಯಿತಂದೆಯರು ನಿಟ್ಟುಸಿರುಬಿಟ್ಟರು. ಆದರೆ ಆ ಲಸಿಕೆಗೆ ಕೋತಿಗಳು ಎರಡು ಬಾರಿ ಬೇಕಾಗಿದ್ದವು. ವೈರಸನ್ನು ಬೆಳೆಸಲು ಅವುಗಳ ಮೂತ್ರಪಿಂಡ ಬೇಕಿತ್ತು; ಸಿದ್ಧವಾದ ಲಸಿಕೆಯಲ್ಲಿ ಸಜೀವ ವೈರಸ್ ಉಳಿದಿಲ್ಲವೆಂದು ನಿಶ್ಚಯಿಸಿಕೊಳ್ಳಲು ಅವುಗಳ ದೇಹ ಬೇಕಿತ್ತು. ಉತ್ತರ ಭಾರತದ ಊರು ತೋಪುಗಳಲ್ಲಿ ಬಲೆಗೆ ಬಿದ್ದ ಕೋತಿಗಳು ವಿಮಾನವೇರಿದುದು ಹೀಗೆ. ಆ ದಶಕದ ಕೊನೆಯ ವೇಳೆಗೆ ಅವುಗಳ ಸಂಖ್ಯೆ ವರ್ಷಕ್ಕೆ ಲಕ್ಷವನ್ನು ಮೀರಿದುದುಂಟು.

1955ರ ಆರಂಭದಲ್ಲಿ ಲಂಡನ್ ವಿಮಾನ ನಿಲ್ದಾಣದಲ್ಲಿ ನೂರಾರು ಕೋತಿಗಳು ಉಸಿರುಕಟ್ಟಿ ಸತ್ತುವು. ಭಾರತ ಸರ್ಕಾರವು ರಫ್ತನ್ನು ಕೆಲಕಾಲ ನಿಲ್ಲಿಸಿತು. ಕೋತಿಗಳನ್ನು ವೈದ್ಯಕೀಯ ಸಂಶೋಧನೆಗೂ ಲಸಿಕೆಯ ತಯಾರಿಕೆಗೂ ಮಾತ್ರವೇ ಬಳಸಲಾಗುವುದೆಂಬ ಭರವಸೆಯನ್ನು ಪಡೆದ ಮೇಲೆ ಮತ್ತೆ ಅವಕಾಶ ನೀಡಿತು. ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಸರ್ಕಾರವು ಪ್ರಯೋಗವನ್ನೇ ನಿರಾಕರಿಸಲಿಲ್ಲ; ಪ್ರಯೋಗದ ಉದ್ದೇಶಕ್ಕೆ ಎಲ್ಲೆಯನ್ನು ಗೊತ್ತುಮಾಡಿತು.

ಇದೇ ಮನೋಧರ್ಮವು ದೇಶದ ಶಾಸನದಲ್ಲಿಯೂ ಕಾಣುತ್ತದೆ. 1952ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡ ರುಕ್ಮಿಣಿದೇವಿ ಅರುಂಡೇಲ್ ಅವರು ಪ್ರಾಣಿಹಿಂಸೆಯನ್ನು ತಡೆಯುವ ಖಾಸಗಿ ಮಸೂದೆಯೊಂದನ್ನು ತಂದರು. ಸರ್ಕಾರವೇ ಶಾಸನ ಮಾಡುವುದೆಂದು ಪ್ರಧಾನಿ ನೆಹರು ಭರವಸೆಯಿತ್ತುದರಿಂದ ಅದನ್ನು ಹಿಂತೆಗೆದುಕೊಂಡರು. ಹಾಗೆ ಬಂದ 1960ರ ಅಧಿನಿಯಮದ 14ನೆಯ ಕಲಮು ಜೀವರಕ್ಷಣೆಗೂ ರೋಗನಿವಾರಣೆಗೂ ಉಪಯುಕ್ತವಾದ ಜ್ಞಾನಕ್ಕಾಗಿ ನಡೆಸುವ ಪ್ರಯೋಗವನ್ನು ನ್ಯಾಯಸಮ್ಮತವೆಂದಿತು. 17ನೆಯ ಕಲಮು ಪ್ರಯೋಗಗಳ ಮೇಲ್ವಿಚಾರಣೆಗೆ ನೇಮಕವಾಗುವ ಸಮಿತಿಯ ಮುಂದೆ ಕೆಲವು ಗುರಿಗಳನ್ನಿರಿಸಿತು: ಸಾಧ್ಯವಿದ್ದಲ್ಲೆಲ್ಲ ಪ್ರಯೋಗವನ್ನು ವರ್ಜಿಸಬೇಕು, ಇಲಿ ಮೊಲಗಳಿಂದ ಆಗುವ ಕಾರ್ಯಕ್ಕೆ ದೊಡ್ಡ ಪ್ರಾಣಿಗಳನ್ನು ಬಳಸಬಾರದು, ಶಸ್ತ್ರಕ್ರಿಯೆಗೆ ಅರಿವಳಿಕೆ ಕೊಡಬೇಕು. ಇದಕ್ಕೆ ಒಂದು ವರ್ಷ ಮುಂಚೆ, 1959ರಲ್ಲಿ, ಇಂಗ್ಲೆಂಡಿನ ರಸೆಲ್ ಮತ್ತು ಬರ್ಚ್ ತಮ್ಮ ಗ್ರಂಥದಲ್ಲಿ ಪ್ರಾಣಿಗೆ ಬದಲಿ, ಸಂಖ್ಯೆಯಲ್ಲಿ ಕಡಿತ, ವಿಧಾನದಲ್ಲಿ ಸುಧಾರಣೆ ಎಂಬ ಮೂರು ಸೂತ್ರಗಳನ್ನು ಪ್ರತಿಪಾದಿಸಿದ್ದರು.

ಆದರೆ ಭಾರತದ ಶಾಸನವು ಭಾರತದ ಗಡಿಯೊಳಗಿನದು. ಗಡಿಯನ್ನು ದಾಟಿದ ಕೋತಿಗೆ ಕಾವಲಾಗಿದ್ದುದು ಪರರು ಕೊಟ್ಟ ಮಾತೊಂದೇ. ಅಮೆರಿಕದ ಸೇನಾ ಸಂಶೋಧನಾಲಯದಲ್ಲಿ ಕೋತಿಗಳನ್ನು ಅಣುವಿಕಿರಣಕ್ಕೆ ಒಡ್ಡುತ್ತಿದ್ದ ಸಂಗತಿಯು 1970ರ ದಶಕದಲ್ಲಿ ಬಯಲಿಗೆ ಬಂದಿತು. ಇದು ಹಿಂದಿನ ಭರವಸೆಗೆ ವಿರುದ್ಧವೆಂದು ಪ್ರಾಣಿರಕ್ಷಕರು ಆಕ್ಷೇಪಿಸಿದರು. ಮೊರಾರ್ಜಿ ದೇಸಾಯಿಯವರ ಸರ್ಕಾರವು 1978ರ ಏಪ್ರಿಲ್ 1ರಿಂದ ರಫ್ತನ್ನು ಸಂಪೂರ್ಣವಾಗಿ ನಿಷೇಧಿಸಿತು.

ಈ ನಿಷೇಧದಿಂದ ಪ್ರಾಣಿಗಳ ಸಂಕಟವು ಕೊನೆಗೊಂಡಿತೆಂದು ಭಾವಿಸಲಾಗದು. ಅಮೆರಿಕವು ರೀಸಸ್ ಕೋತಿಗಳನ್ನು ತನ್ನಲ್ಲಿಯೇ ಸಾಕಿ ಬೆಳೆಸತೊಡಗಿತು. ಆಗ್ನೇಯ ಏಷ್ಯದ ಬೇರೊಂದು ಜಾತಿಯ ಕೋತಿಗಳ ಮೇಲೂ ಹೊರೆ ಬಿದ್ದಿತು. ಇನ್ನೊಂದು ಕಡೆ, ನಾವು ಈ ವೃತ್ತಾಂತದ ಹೊರಗೆ ನಿಂತು ತೀರ್ಪು ಕೊಡುವ ಹಕ್ಕುಳ್ಳವರೂ ಅಲ್ಲ. 2014ರ ಮಾರ್ಚ್ 27ರಂದು ಭಾರತವು ಪೋಲಿಯೊಮುಕ್ತವೆಂದು ಘೋಷಿತವಾಯಿತು. ಇಂದು ನಮ್ಮ ಶಾಲೆಯ ಅಂಗಳಗಳಲ್ಲಿ ಓಡಾಡುವ ಮಕ್ಕಳ ಕಾಲ್ಬಲದಲ್ಲಿ ಆ ಮೂಕಪ್ರಾಣಿಗಳ ಪಾಲೂ ಇದೆ.

ಋಣವನ್ನು ಒಪ್ಪಿಕೊಳ್ಳುವುದೆಂದರೆ ಅದನ್ನು ಬೆಳೆಸುತ್ತ ಹೋಗುವುದಲ್ಲ. ಜಪಾನಿನಲ್ಲಿ 1962ರಲ್ಲಿ ಆಫ್ರಿಕದ ಕೋತಿಯೊಂದರ ಮೂತ್ರಪಿಂಡದಿಂದ ಪಡೆದ ವೀರೋ ಕೋಶಸಂತಾನವು ಪ್ರಯೋಗಶಾಲೆಯಲ್ಲಿ ಇಂದಿಗೂ ಬೆಳೆಯುತ್ತಿದೆ. ಪೋಲಿಯೊ ಲಸಿಕೆಯನ್ನು ಅದರಲ್ಲಿಯೇ ತಯಾರಿಸಬಹುದಾಗಿದೆ. 2023ರಲ್ಲಿ ತಿದ್ದುಪಡಿಯಾದ ಭಾರತದ ಹೊಸ ಔಷಧ ನಿಯಮಗಳು ಪ್ರಾಣಿಗಳಿಲ್ಲದ ಪರೀಕ್ಷಾವಿಧಾನಗಳಿಗೂ ಮನ್ನಣೆ ನೀಡಿವೆ. ಪ್ರಾಣಿಪ್ರಯೋಗಕ್ಕೆ ಕೊಡುವ ಅನುಮತಿಯು ಅನಿವಾರ್ಯತೆಯೆಂಬ ಒಂದೇ ಆಧಾರದ ಮೇಲೆ ನಿಂತಿದೆ. ಆ ಅನಿವಾರ್ಯತೆಯನ್ನು ಕಾಲಕಾಲಕ್ಕೆ ಮರುಪರೀಕ್ಷಿಸುವ ಸ್ವತಂತ್ರವಾದ ಕಣ್ಣು ಇಲ್ಲದಿದ್ದರೆ, ಒಮ್ಮೆ ಮಗುವಿನ ಪ್ರಾಣಕ್ಕಾಗಿ ಕೊಟ್ಟ ಅನುಮತಿಯು ಯುದ್ಧದ ಸಿದ್ಧತೆಗೂ ಸಲ್ಲುತ್ತದೆ. 1955 ಮತ್ತು 1978ರ ನಡುವಣ ಇಪ್ಪತ್ತಮೂರು ವರ್ಷಗಳು ನಮಗೆ ಕಲಿಸುವ ಪಾಠ ಇದೇ ಎಂದು ತೋರುತ್ತದೆ.