ಜಟ್‌ಲ್ಯಾಂಡ್ ತೀರದ ಬೇಸಿಗೆಮನೆಗಳು

ಡೆನ್ಮಾರ್ಕಿನ ಪಶ್ಚಿಮ ತೀರದ ಮರಳುದಿಬ್ಬಗಳ ನಡುವೆ ಡೇನರ ಪುಟ್ಟ ಬೇಸಿಗೆಮನೆಗಳಿವೆ. ಯುದ್ಧಾನಂತರ ಪಶ್ಚಿಮ ಜರ್ಮನರ ಕೈಯಲ್ಲಿ ದುಡ್ಡು ಓಡಾಡತೊಡಗಿದಾಗ ಅವರ ಕಣ್ಣು ಇವುಗಳ ಮೇಲೆ ಬಿತ್ತು. 1940–45ರಲ್ಲಿ ದೇಶವನ್ನು ವಶದಲ್ಲಿಟ್ಟುಕೊಂಡಿದ್ದ ಜರ್ಮನ್ ಸೇನೆ ಇದೇ ದಿಬ್ಬಗಳಲ್ಲಿ ಬಂಕರ್ ಕಟ್ಟಿತ್ತು. ಡೇನರಿಗೆ ಅದು ಮರೆಯುವಂಥದ್ದೇ?

1959ರಲ್ಲಿ ಕಾನೂನು ಬಂತು: ದೇಶದಲ್ಲಿ ನೆಲೆಸಿರದ, ಹಿಂದೆ ಐದು ವರ್ಷವೂ ವಾಸಿಸಿರದವರು ಆಸ್ತಿ ಕೊಳ್ಳಲು ನ್ಯಾಯ ಸಚಿವಾಲಯದ ಅನುಮತಿ ಬೇಕು.

1973ರಲ್ಲಿ, ಸದಸ್ಯ ದೇಶಗಳ ಪ್ರಜೆಗಳಲ್ಲಿ ಭೇದ ಎಣಿಸಬಾರದೆನ್ನುವ ಐರೋಪ್ಯ ಸಮುದಾಯ ಸೇರಿದ ಮೇಲೂ ಬೇಸಿಗೆಮನೆಯ ವಿಷಯದಲ್ಲಿ ಪಟ್ಟು ಸಡಿಲಲಿಲ್ಲ. ಐರೋಪ್ಯ ಒಕ್ಕೂಟವನ್ನು ಹುಟ್ಟುಹಾಕಿದ 1992ರ ಮಾಸ್ಟ್ರಿಕ್ಟ್ ಒಪ್ಪಂದಕ್ಕೆ ಪುಟ್ಟದೊಂದು ಅನುಬಂಧ ಸೇರಿಸಿ ಡೆನ್ಮಾರ್ಕ್ ಆ ಕಾನೂನನ್ನು ಉಳಿಸಿಕೊಂಡಿತು. ಇಡೀ ಖಂಡಕ್ಕೆ ಒಂದೇ ಕರೆನ್ಸಿಯ ಕನಸು ಕಂಡ ದಾಖಲೆಯಲ್ಲಿ ರಜೆಮನೆಯ ಪ್ರಸ್ತಾಪ, ತಮಾಷೆಯೇ ಸರಿ! ಅಷ್ಟಾದರೂ ಆ ಜೂನ್‌ನಲ್ಲಿ ಡೇನರು ಒಪ್ಪಂದವನ್ನೇ ತಿರಸ್ಕರಿಸಿದರು. ಇನ್ನಷ್ಟು ವಿನಾಯಿತಿ ದಕ್ಕಿದ ಮೇಲೆ, 1993ರಲ್ಲಿ ಒಪ್ಪಿದರು.

ಜರ್ಮನರು ಈಗಲೂ ಬೇಸಿಗೆಗೆ ಬರುತ್ತಾರೆ, ಹೆಚ್ಚಾಗಿ ಬಾಡಿಗೆದಾರರಾಗಿ.